ಮನೆಯಲ್ಲಿ ಮಿಕ್ಸಿಂಗ್‌: ಮುಚ್ಚಿದ ಹೆಡ್‌ಫೋನೋ, ತೆರೆದದ್ದೋ?

ತಂಗಿ ಹಾಡಿದ ಒಂದು ದಾಸರ ಪದವನ್ನು ತಂಬೂರಿ, ಮೃದಂಗಗಳೊಂದಿಗೆ ಮಲಗುವ ಕೋಣೆಯಲ್ಲೇ ಧ್ವನಿಮುದ್ರಿಸಿಕೊಂಡು, ಅದೇ ಹಾಡನ್ನು ಎರಡು ಹೆಡ್‌ಫೋನ್‌ಗಳಲ್ಲಿ ಬೇರೆ ಬೇರೆಯಾಗಿ, ಮೊದಲಿನಿಂದ ಕೊನೆಯವರೆಗೆ ಮಿಕ್ಸ್ ಮಾಡಿ, ಅಂದರೆ ದನಿ-ವಾದ್ಯಗಳ ಮಟ್ಟಗಳನ್ನು ಒಂದಕ್ಕೊಂದು ಹೊಂದಿಸಿ, ನೋಡಿದೆ. ಒಂದು, 1991ರಲ್ಲಿ ಬಂದು ಇಂದಿಗೂ ಸ್ಟುಡಿಯೊಗಳಲ್ಲಿ ಕಾಣಸಿಗುವ ಸೋನಿ ಎಂಡಿಆರ್‌-7506. ಇನ್ನೊಂದು, 1997ರ ಸೆನ್‌ಹೈಸರ್ ಎಚ್‌ಡಿ 600. ಮೊದಲನೆಯದರ ಬಟ್ಟಲು ಹಿಂಬದಿಯಲ್ಲಿ ಮುಚ್ಚಿದೆ, ಎರಡನೆಯದಕ್ಕೆ ಅಲ್ಲಿ ಜಾಲರಿಯಿದೆ. ಇದಕ್ಕೂ ಮುಂಚೆ, ಹಾಡು ಕೇಳಲೆಂದು ಕೊಂಡಿದ್ದ ಬ್ಲೂಟೂತ್ ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡುತ್ತಿದ್ದೆ. ಅದು ಮಂದ್ರವನ್ನು ತಾನೇ ಉಬ್ಬಿಸಿ ಕೇಳಿಸುತ್ತಿದ್ದುದರಿಂದ ನಾನು ಮೃದಂಗದ ಎಡಬದಿಯ ನಾದವನ್ನು ತಗ್ಗಿಸುತ್ತಲೇ ಹೋಗಿದ್ದೆ. ಕಾರಿನಲ್ಲಿ ಹಾಕಿ ಕೇಳಿದಾಗ ಬಲಬದಿಯ ಚಾಪು ಮಾತ್ರ ಉಳಿದಿತ್ತು.

7506 ತಾರದ, ಅಂದರೆ ಎತ್ತರದ ಶ್ರುತಿಗಳ, ಭಾಗವನ್ನು ತುಸು ಎತ್ತಿ ತೋರಿಸುತ್ತದೆ. ಶ, ಷ, ಸ ಅಕ್ಷರಗಳು ಮೈಕಿಗೆ ಚುಚ್ಚಿದ ಜಾಗಗಳು, ಎರಡು ಟೇಕ್‌ಗಳನ್ನು (ಬೇರೆ ಬೇರೆ ಸಲ ಹಾಡಿದ ಮುದ್ರಣಗಳನ್ನು) ಜೋಡಿಸಿದಲ್ಲಿನ ಸಣ್ಣ ಚಿಟಿಕೆ ಸದ್ದು, ಇವೆಲ್ಲ ಅದರಲ್ಲಿ ತಕ್ಷಣ ಸಿಕ್ಕಿಬಿದ್ದವು. ಆದರೆ ಇಡೀ ಹಾಡಿನ ಸಮತೋಲವನ್ನು ಅದರಲ್ಲೇ ಹೊಂದಿಸಿದಾಗ, ತೀಕ್ಷ್ಣವೆನಿಸಿದ್ದನ್ನೆಲ್ಲ ಈಕ್ಯುವಿನಲ್ಲಿ (ಬೇರೆ ಬೇರೆ ಶ್ರುತಿಗಳ ಮಟ್ಟವನ್ನು ಏರಿಳಿಸುವ ಸಾಧನದಲ್ಲಿ) ಕಡಿಯುತ್ತ ಹೋದದ್ದರಿಂದ ಸ್ಪೀಕರಿನಲ್ಲಿ ತಂಗಿಯ ದನಿ ಮಂಕಾಗಿ ಕೇಳಿಸಿತು.

ಎಚ್‌ಡಿ 600ರ ಬಲವಿರುವುದು ನಡುವಿನ ಶ್ರುತಿಗಳಲ್ಲಿ, ಮನುಷ್ಯನ ದನಿ ನೆಲೆಸಿರುವುದೂ ಅಲ್ಲಿಯೇ. ತಂಬೂರಿಯ ಜೀವಾಳದಿಂದ ಏಳುವ ಝೇಂಕಾರವು ದನಿಯ ಅಂಚನ್ನು ಮುಚ್ಚುತ್ತಿದ್ದುದು ನನಗೆ ಮೊದಲು ತಿಳಿದದ್ದು ಅದರಲ್ಲೇ. ತಂಬೂರಿಯನ್ನು ಎರಡು ಡೆಸಿಬಲ್ ಇಳಿಸಿದೊಡನೆ ಸಾಹಿತ್ಯದ ಒಂದೊಂದು ಅಕ್ಷರವೂ ಬಿಡಿಸಿಕೊಂಡು ಬಂತು. ರಿವರ್ಬ್‌ನ (ದನಿಗೆ ಸೇರಿಸಿದ ಅನುರಣನದ) ಬಾಲ ಎಲ್ಲಿ ಕರಗುತ್ತದೆ ಎಂಬುದೂ ಸ್ಪಷ್ಟವಿತ್ತು. ತೀರ ಕೆಳಗಿನ ಮಂದ್ರ ಇದರಲ್ಲಿ ಇಳಿಮುಖವಾಗುವುದರಿಂದ ಸಿಂಥ್ ಬೇಸ್ (ಸಿಂಥಸೈಜರಿನ ಆಳದ ಮಂದ್ರ ನಾದ) ಬಳಸುವವರು ಆ ಭಾಗವನ್ನು ಸ್ಪೀಕರಿನಲ್ಲಿ ಪರೀಕ್ಷಿಸಲೇಬೇಕು.

ಎರಡರಲ್ಲೂ ಒಂದು ಎಚ್ಚರ ಬೇಕು. ಸ್ಪೀಕರಿನ ಮುಂದೆ ಕುಳಿತಾಗ ಎಡದ ಸದ್ದು ಬಲಗಿವಿಗೂ ತಲುಪುತ್ತದೆ, ಹೆಡ್‌ಫೋನಿನಲ್ಲಿ ತಲುಪುವುದಿಲ್ಲ. ಹಾಗಾಗಿ ಪಕ್ಕಕ್ಕೆ ಸರಿಸಿದ ವಾದ್ಯ ನಿಜಕ್ಕಿಂತ ಹೆಚ್ಚು ಬದಿಗೆ ಸರಿದಿರುವಂತೆ ಭಾಸವಾಗುತ್ತದೆ.

ವಿದ್ಯುತ್ತಿನ ಲೆಕ್ಕವೂ ಬೇರೆ. 7506 ವಿದ್ಯುತ್ತಿಗೆ ಒಡ್ಡುವ ತಡೆ (ಇಂಪೀಡನ್ಸ್) 63 ಓಮ್, ಫೋನಿನಲ್ಲೂ ಸಾಕಷ್ಟು ಜೋರಾಗಿ ನುಡಿಯುತ್ತದೆ. ಎಚ್‌ಡಿ 600ರದು 300 ಓಮ್ ಆದ್ದರಿಂದ, ಅದಕ್ಕೆ ಒಳ್ಳೆಯ ಆಡಿಯೊ ಇಂಟರ್‌ಫೇಸ್ (ಮೈಕು, ಹೆಡ್‌ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಬೇಕು.

ಹಾಡುವವರೂ ಮಿಕ್ಸ್ ಮಾಡುವವರೂ ಒಬ್ಬರೇ ಆಗಿ, ಒಂದನ್ನಷ್ಟೇ ಕೊಳ್ಳಲು ಸಾಧ್ಯವಿದ್ದರೆ ನಾನು 7506 ಎನ್ನುತ್ತೇನೆ. ಹಾಡುವಾಗ ಲಯಕ್ಕೆಂದು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುವ ತಾಳದ ಕ್ಲಿಕ್ ಜಾಲರಿಯಿಂದ ಸೋರಿ ಮೈಕಿಗೆ ಸೇರಿಕೊಂಡರೆ ಮತ್ತೆ ತೆಗೆಯುವುದು ಕಷ್ಟ. ಬೇರೆಯವರು ಧ್ವನಿಮುದ್ರಿಸಿ ಕಳುಹಿಸಿದ್ದನ್ನು ಮಿಕ್ಸ್ ಮಾಡುವವರಿಗೆ ಎಚ್‌ಡಿ 600ರ ಹೆಚ್ಚಿನ ಬೆಲೆ ಸಾರ್ಥಕ. ಅಡುಗೆಮನೆಯ ಕುಕ್ಕರ್ ಸೀಟಿಯೂ ಅದರೊಳಗೆ ನೇರವಾಗಿ ಬರುವುದರಿಂದ, ನಾನದನ್ನು ರಾತ್ರಿ ಹತ್ತರ ನಂತರ ಫ್ಯಾನ್ ಆರಿಸಿಯೇ ಹಾಕಿಕೊಳ್ಳುತ್ತೇನೆ.