525 ಪಟ್ಟಿನ ಟೆಲಿಸ್ಕೋಪಿಗಿಂತ 8 ಪಟ್ಟಿನ ಬೈನಾಕ್ಯುಲರೇ ವಾಸಿ

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಮಕ್ಕಳಿಗೆ ಆಕಾಶ ತೋರಿಸಲು ಒಂದೇ ಒಂದು ವಸ್ತು ಕೊಳ್ಳುವುದಾದರೆ ನನ್ನ ಮತ 8×40 ಬೈನಾಕ್ಯುಲರಿಗೆ (8 ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜಿನ ಅಗಲ 40 ಮಿ.ಮೀ.). ಬೇರೆಯದನ್ನು ಕೊಂಡು, ದುಡ್ಡು ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು.

ನಮ್ಮಲ್ಲಿ ಇಬ್ಬರು ಮಕ್ಕಳು. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಒಂದು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆವು: ಮಕ್ಕಳ ಟೆಲಿಸ್ಕೋಪ್, ಬೈನಾಕ್ಯುಲರ್, ಫೋನಿನಲ್ಲಿ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್, ಕೊನೆಗೆ ಒಂದು ಚೆಂಡು ಮತ್ತು ಬಲ್ಬು.

ಟೆಲಿಸ್ಕೋಪಿನ ಡಬ್ಬಿಯ ಮೇಲೆ ದೊಡ್ಡದಾಗಿ ‘525 ಪಟ್ಟು’ ಎಂದಿತ್ತು. ನಾನು ಮರುಳಾದದ್ದು ಅದಕ್ಕೇ. ಆಮೇಲೆ ಕೂತು ಲೆಕ್ಕ ಹಾಕಿದೆ. ಕೊಳವೆಯ ಫೋಕಲ್ ದೂರ, ಅಂದರೆ ಮುಂದಿನ ಗಾಜಿನಿಂದ ಚಿತ್ರ ಮೂಡುವ ಜಾಗಕ್ಕೆ ಇರುವ ದೂರ, 700 ಮಿ.ಮೀ. ಅದನ್ನು ಐಪೀಸಿನ (ಕಣ್ಣಿಡುವ ತುದಿಯ ಪುಟ್ಟ ಗಾಜಿನ) 4 ಮಿ.ಮೀ. ಫೋಕಲ್ ದೂರದಿಂದ ಭಾಗಿಸಿದರೆ 175. ಜೊತೆಗೆ ಕೊಟ್ಟ ಬಾರ್ಲೋ ಲೆನ್ಸ್ ಅದನ್ನು ಮೂರು ಪಟ್ಟು ಮಾಡುತ್ತದೆ, 525 ಆಯಿತು. ಲೆಕ್ಕ ಸುಳ್ಳಲ್ಲ, ಆದರೆ ಉಪಯೋಗವಿಲ್ಲ. ಮುಂದಿನ ಗಾಜಿನ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ಪಟ್ಟು ಹಿಗ್ಗಿಸಿದರೆ ಅದೇ ಜಾಸ್ತಿ. ನಮ್ಮದು 60 ಮಿ.ಮೀ. ಅಂದರೆ 120ರ ಆಚೆಗೆ ಕಾಣುವುದು ಬರೀ ಮಸುಕು, ಅದೂ ಕತ್ತಲೆಯ ಮಸುಕು.

ಆದರೂ ನನ್ನ ನಿಜವಾದ ಸಿಟ್ಟು ಆ ಸಂಖ್ಯೆಯ ಮೇಲಲ್ಲ, ಟ್ರೈಪಾಡ್ ಮೇಲೆ.

ಮೊದಲ ರಾತ್ರಿ ಗುರು ಗ್ರಹ ತೋರಿಸೋಣ ಅಂತ ಹೊರಗೆ ತಂದೆ. ಪಕ್ಕದಲ್ಲಿ ಅಂಟಿಕೊಂಡಿರುವ ಪುಟ್ಟ ಫೈಂಡರಿನಲ್ಲಿ ಗುರುವನ್ನು ಹಿಡಿಯಬೇಕು, ಆಮೇಲೆ ಕೊಳವೆಯಲ್ಲಿ ನೋಡಬೇಕು. ಫೈಂಡರಿನಲ್ಲಿ ಚಿತ್ರ ತಲೆಕೆಳಗು. ಎಡಕ್ಕೆ ಕಂಡ ಚುಕ್ಕಿ ನಿಜವಾಗಿ ಬಲಕ್ಕಿರುತ್ತದೆ, ಮೇಲೆ ಕಂಡದ್ದು ಕೆಳಗೆ. ಅದಕ್ಕೂ ಮುಂಚೆ ಫೈಂಡರನ್ನೂ ಕೊಳವೆಯನ್ನೂ ಒಂದೇ ಕಡೆ ನೋಡುವಂತೆ ಹೊಂದಿಸಬೇಕು. ಈ ಕೆಲಸವನ್ನು ಹಗಲಲ್ಲೇ ದೂರದ ಕಂಬವನ್ನೋ ಮರದ ತುದಿಯನ್ನೋ ನೋಡಿ ಮುಗಿಸಿಕೊಳ್ಳಬೇಕು ಅಂತ ನನಗೆ ಗೊತ್ತಿರಲಿಲ್ಲ. ಕತ್ತಲಲ್ಲಿ ಮೂರು ಸಣ್ಣ ತಿರುಪುಗಳ ಜೊತೆ ಗುದ್ದಾಡಿದೆ.

ಇಪ್ಪತ್ತು ನಿಮಿಷದ ಮೇಲೆ ಗುರು ಸಿಕ್ಕಿತು. ತಿರುಪು ಬಿಗಿ ಮಾಡಿ ಕೈಬಿಟ್ಟೆ. ಬಿಟ್ಟ ಕೂಡಲೇ ಕೊಳವೆ ಒಂಚೂರು ಕುಸಿಯಿತು, ಗುರು ಮಾಯ. ಮತ್ತೆ ಹುಡುಕಿದೆ. ಈ ಸಲ ಕುಸಿತವನ್ನೂ ಅಂದಾಜು ಮಾಡಿ ಸ್ವಲ್ಪ ಮೇಲೆ ಗುರಿ ಇಟ್ಟೆ, ಸರಿಯಾಗಿ ಬಂದು ನಿಂತಿತು. ‘ಬಾ ಪುಟ್ಟಾ, ಬೇಗ’ ಅಂದೆ. ಬಂದವನು ಎರಡೂ ಕೈಯಲ್ಲಿ ಕೊಳವೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಐದು ವರ್ಷದ ಮಗು ಹಿಡಿಯದೆ ಇನ್ನೇನು ಮಾಡುತ್ತದೆ? ಮುಟ್ಟಬೇಡ ಅಂದೆ. ಒಂದು ಕಣ್ಣು ಮುಚ್ಚು ಅಂದೆ, ಅವನಿಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ, ಎರಡೂ ಮುಚ್ಚಿದ. ‘ಅಮ್ಮಾ, ಕಪ್ಪು ಕಾಣ್ತಿದೆ’ ಅಂದ.

ಅವನನ್ನು ಬೈಯುವಂತೆಯೂ ಇಲ್ಲ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 175 ಪಟ್ಟಿನಲ್ಲಿ ನಮ್ಮ ಐಪೀಸಿಗೆ ಕಾಣುವ ಆಕಾಶ ಕಾಲು ಡಿಗ್ರಿ ಮಾತ್ರ, ಅಂದರೆ ಚಂದ್ರನ ಅಗಲದ ಅರ್ಧ. ಯಾರೂ ಮುಟ್ಟದಿದ್ದರೂ ಗುರು ಒಂದು ನಿಮಿಷದಲ್ಲಿ ಈ ಅಂಚಿನಿಂದ ಆ ಅಂಚಿಗೆ ಹೋಗಿಬಿಡುತ್ತದೆ. ನಾನು ಏಳಬೇಕು, ಮಗ ಸ್ಟೂಲ್ ಹತ್ತಬೇಕು, ಕಣ್ಣಿಡಬೇಕು. ಅಷ್ಟರಲ್ಲಿ ನಿಮಿಷ ಮುಗಿದಿರುತ್ತದೆ. ಮಗಳು ಆಗಲೇ ಒಳಗೆ ಹೋಗಿ ಮಲಗಿದ್ದಳು.

ಒಂದು ಒಳ್ಳೆಯ ರಾತ್ರಿಯೂ ಇತ್ತು ಅನ್ನಿ. 20 ಮಿ.ಮೀ. ಐಪೀಸ್ ಹಾಕಿ 35 ಪಟ್ಟಿನಲ್ಲಿ ಶನಿಯನ್ನು ಹಿಡಿದೆ. ‘ಅದಕ್ಕೆ ಕಿವಿ ಇದೆ’ ಎಂದಳು ಮಗಳು. 1610ರಲ್ಲಿ ಗೆಲಿಲಿಯೋಗೂ ಅದು ಉಂಗುರ ಅಂತ ಗೊತ್ತಾಗಿರಲಿಲ್ಲ, ಶನಿಯ ಎರಡು ಪಕ್ಕದಲ್ಲಿ ಏನೋ ಇದೆ ಅಂತಲೇ ಬರೆದಿಟ್ಟ. ಉಂಗುರ ಎಂದು ಡಚ್ ವಿಜ್ಞಾನಿ ಹೈಗೆನ್ಸ್ ವಿವರಿಸಿದ್ದು 1659ರಲ್ಲಿ. ಈ ಶನಿ ಬೈನಾಕ್ಯುಲರಿನಲ್ಲಿ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಇಡೀ ವರ್ಷದಲ್ಲಿ ಅಂಥ ರಾತ್ರಿ ಒಂದೇ.

ಬೈನಾಕ್ಯುಲರ್ ಬಂದ ದಿನ ನಾನೇನೂ ಹೇಳಿಕೊಡಲಿಲ್ಲ. ಮಗಳು ಕುತ್ತಿಗೆಗೆ ನೇತುಹಾಕಿಕೊಂಡು ಹೊರಗೆ ಹೋಗಿ ಚಂದ್ರನನ್ನು ತಾನೇ ಹುಡುಕಿದಳು. ಇದರಲ್ಲಿ ಸುಮಾರು 8 ಡಿಗ್ರಿ ಆಕಾಶ ಒಟ್ಟಿಗೆ ಕಾಣುತ್ತದೆ, ತಪ್ಪಿಸಿಕೊಳ್ಳುವುದೇ ಕಷ್ಟ. ಚಿತ್ರ ನೆಟ್ಟಗಿರುತ್ತದೆ, ಎಡ ಎಡವೇ. ಅಮಾವಾಸ್ಯೆ ಕಳೆದು ಏಳೆಂಟು ದಿನಕ್ಕೆ ನೋಡಿದರೆ ಬೆಳಕು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ ಕುಳಿಗಳು ಹಲ್ಲಿನ ಸಾಲಿನ ಹಾಗೆ ಎದ್ದು ಕಾಣುತ್ತವೆ. ಹುಣ್ಣಿಮೆಯ ದಿನ ನೆರಳೇ ಇಲ್ಲದೆ ಎಲ್ಲ ಚಪ್ಪಟೆ.

ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರು ಚುಕ್ಕಿ ಎಣಿಸಿದ ಮಕ್ಕಳು ಬೈನಾಕ್ಯುಲರಿನಲ್ಲಿ ಇಪ್ಪತ್ತು ದಾಟಿ, ಜಗಳ ಆಡಿ, ಎಣಿಸುವುದನ್ನೇ ಬಿಟ್ಟರು. ಗುರುವಿನ ಉಪಗ್ರಹಗಳಿಗೆ ಮಾತ್ರ ಕೈ ನಡುಗಬಾರದು. ಗೋಡೆಗೆ ಮೊಣಕೈ ಊರಿದರೆ ಪಕ್ಕದಲ್ಲಿ ಎರಡು ಮೂರು ಸೂಜಿಮೊನೆ ಚುಕ್ಕಿಗಳು ಕಾಣುತ್ತವೆ. ಮಾರನೆಯ ದಿನ ಅವು ಜಾಗ ಬದಲಿಸಿರುತ್ತವೆ. ಮಗಳು ಐದು ರಾತ್ರಿ ಪುಸ್ತಕದಲ್ಲಿ ಗುರುತು ಹಾಕಿಟ್ಟಳು. ಮೋಡ ಬಂದ ಎರಡು ದಿನ ಬರೀ ಮೋಡದ ಚಿತ್ರ ಬರೆದಳು, ಅದೂ ಸರಿಯೇ ಅಲ್ವಾ?

ಇದರ ತೊಂದರೆ ಒಂದೇ. ನಾವು ಕೊಂಡ ಜೋಡಿಯ ಎರಡು ಕಣ್ಣುಗಳ ನಡುವಿನ ಅಂತರ 56 ಮಿ.ಮೀ.ಗಿಂತ ಕಡಿಮೆ ಆಗುವುದಿಲ್ಲ. ಮಗನ ಕಣ್ಣುಗಳು ಅದಕ್ಕಿಂತ ಹತ್ತಿರ. ಅವನಿಗೆ ಒಂದು ಕಡೆಯಿಂದಷ್ಟೇ ಸರಿಯಾಗಿ ಕಾಣುತ್ತದೆ. ಅದಕ್ಕೇ ಇನ್ನೊಂದು ಕಡೆಗೆ ಮುಚ್ಚಳ ಹಾಕಿಬಿಟ್ಟೆ. ಒಂದು ಕಣ್ಣು ಮುಚ್ಚುವ ಕಷ್ಟವೂ ತಪ್ಪಿತು.

ಸ್ಟೆಲೇರಿಯಂ ದೊಡ್ಡವರಿಗೆ ಒಳ್ಳೆಯದು. ಇವತ್ತು ಏನು ಎಲ್ಲಿ ಕಾಣುತ್ತದೆ ಅಂತ ನಾನು ಮೊದಲೇ ನೋಡಿಟ್ಟುಕೊಳ್ಳುತ್ತೇನೆ. ಮಕ್ಕಳ ಕೈಗೆ ಕೊಟ್ಟರೆ ಮಾತ್ರ ಕೆಟ್ಟಿತು. ಅವರು ಆಕಾಶ ನೋಡುವುದೇ ಇಲ್ಲ, ಆಕಾಶದ ಕಡೆ ಹಿಡಿದ ಫೋನು ನೋಡುತ್ತಾರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಪರದೆಯ ಬೆಳಕು ಅದನ್ನು ಒಂದು ಕ್ಷಣದಲ್ಲಿ ಹಾಳು ಮಾಡುತ್ತದೆ. ಕಬ್ಬಿಣದ ಕಂಬಿಯ ಹತ್ತಿರ ನಿಂತರೆ ಫೋನಿನ ದಿಕ್ಸೂಚಿಯೂ ದಾರಿ ತಪ್ಪುತ್ತದೆ.

ಚೆಂಡು ಮತ್ತು ಬಲ್ಬಿಗೆ ಒಂದು ಪೈಸೆ ಖರ್ಚಾಗಲಿಲ್ಲ. ಚಂದ್ರ ಏಕೆ ಸವೆಯುತ್ತಾನೆ ಅಂತ ಕೇಳಿದರೆ ಮಗಳು ‘ಭೂಮಿಯ ನೆರಳು’ ಅನ್ನುತ್ತಿದ್ದಳು. ಕತ್ತಲ ಕೋಣೆಯಲ್ಲಿ ಒಂದು ಬಲ್ಬು ಹಚ್ಚಿ, ಪೆನ್ಸಿಲಿಗೆ ಚುಚ್ಚಿದ ಬಿಳಿ ಚೆಂಡನ್ನು ಅವಳ ಕೈಗೆ ಕೊಟ್ಟೆ. ಅವಳ ತಲೆಯೇ ಭೂಮಿ. ಕೈ ಚಾಚಿ ಸುಮ್ನೆ ನಿಂತಲ್ಲೇ ಒಂದು ಸುತ್ತು ತಿರುಗಿದಾಗ ಗೆರೆಯಿಂದ ಅರ್ಧ, ಅರ್ಧದಿಂದ ಪೂರ್ಣ ಎಲ್ಲ ಚೆಂಡಿನ ಮೇಲೇ ಬಂತು. ಬಲ್ಬಿಗೆ ಬೆನ್ನು ಹಾಕಿದಾಗ ಚೆಂಡನ್ನು ತಲೆಗಿಂತ ತುಸು ಮೇಲೆ ಹಿಡಿದರೆ ಹುಣ್ಣಿಮೆ, ತಲೆಯ ನೆರಳಿಗೆ ಇಳಿಸಿದರೆ ಗ್ರಹಣ. ಮಗ ಹತ್ತು ಸಲ ಗ್ರಹಣ ಮಾಡಿಸಿದ. ಏಕೆ ಅನ್ನುವ ಪ್ರಶ್ನೆಗೆ ಇದರ ಮುಂದೆ ಬೈನಾಕ್ಯುಲರೂ ಸೋಲುತ್ತದೆ.

ಯಾವ ಗಾಜಿನಿಂದಲೂ ಸೂರ್ಯನನ್ನು ನೋಡಬಾರದು, ಮಕ್ಕಳ ಕೈಗೆ ಹಗಲಲ್ಲಿ ಒಂಟಿಯಾಗಿ ಕೊಡಲೂಬಾರದು. ಕೆಲವು ಟೆಲಿಸ್ಕೋಪ್ ಡಬ್ಬಿಗಳಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಸೂರ್ಯನ ಫಿಲ್ಟರ್ ಇರುತ್ತದೆ. ಬಿಸಿಗೆ ಅದು ಒಡೆದರೆ ಕಣ್ಣು ಹೋಯಿತು. ಕಂಡ ಕೂಡಲೇ ಎಸೆಯಿರಿ.

ನನಗೆ ಸಿಗುವುದು ಮಕ್ಕಳು ಮಲಗುವ ಮುಂಚಿನ ಹದಿನೈದು ನಿಮಿಷ. ಅಷ್ಟರಲ್ಲಿ ಹೊರಗೆ ಹೋಗಿ, ನೋಡಿ, ಒಳಗೆ ಬರಬೇಕು. ಅದಕ್ಕೇ ಬೈನಾಕ್ಯುಲರ್ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ. ನಿಮಗೆ ಬಿಡುವು ಜಾಸ್ತಿ ಇದ್ದು, ಮಕ್ಕಳಿಗೆ ಹತ್ತು ದಾಟಿದ್ದು, ಖರ್ಚು ಮಾಡಲೂ ಆಗುವುದಾದರೆ ಮೇಜಿನ ಮೇಲಿಡುವ 114 ಅಥವಾ 130 ಮಿ.ಮೀ. ಡಾಬ್ಸೋನಿಯನ್ ಟೆಲಿಸ್ಕೋಪ್ ನೋಡಿ, ಅದು ತಿರುಗುವ ಗಟ್ಟಿ ಬುಡದ ಮೇಲೆ ಕೂರುತ್ತದೆ, ನಡುಗುವ ಟ್ರೈಪಾಡೇ ಇರುವುದಿಲ್ಲ. ನಮ್ಮ 525 ಪಟ್ಟಿನದರ ಕೊಳವೆ ಅಟ್ಟ ಸೇರಿದೆ. ಟ್ರೈಪಾಡಿನ ಮೇಲೆ ಈಗ ಮಗನ ಬಣ್ಣದ ಹಲಗೆ ಕೂತಿದೆ, ಅದೂ ಒಂಚೂರು ಕುಸಿಯುತ್ತದೆ.