ಲಕ್ಷದ್ವೀಪಕ್ಕೆ ಕ್ರೂಸ್‌ನಲ್ಲಿ ಹೋಗೋದಾ, ಕೊಚ್ಚಿಯಿಂದ ಹಾರೋದಾ?

ನೀವು ದುಡ್ಡು ಕೊಡ್ತಿರೋದು ಹಡಗಿಗಾ, ದ್ವೀಪಕ್ಕಾ? ಮೊದಲು ಅದನ್ನು ತೀರ್ಮಾನಿಸಿ.

ಮುಂಬೈನಿಂದ ಹೊರಡುವ ಕ್ರೂಸ್‌ನಲ್ಲಿ ರೂಮು, ಊಟ, ಸಂಜೆಯ ಶೋ ಎಲ್ಲಾ ಒಂದೇ ಟಿಕೆಟ್‌ನಲ್ಲಿ ಬರುತ್ತವೆ. ಕೇಳೋಕೆ ಚೆನ್ನಾಗಿದೆ. ಆದರೆ ಜಾಹೀರಾತಿನ ರೇಟು ಸಾಮಾನ್ಯವಾಗಿ ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್‌ದು, ಅದೂ ಇಬ್ಬರು ಹಂಚಿಕೊಂಡರೆ ತಲಾ ಇಷ್ಟು ಅಂತ. ಅದರ ಮೇಲೆ ಜಿಎಸ್‌ಟಿ, ಬಂದರು ಶುಲ್ಕ, ಟಿಪ್ಸ್, ವೈಫೈ, ಡ್ರಿಂಕ್ಸ್ ಸೇರಿಸುತ್ತಾ ಹೋದರೆ ಮೊದಲು ನೋಡಿದ ಅಂಕಿ ಎಲ್ಲೋ ಕಳೆದುಹೋಗಿರುತ್ತದೆ. ಒಬ್ಬರೇ ಹೋದರಂತೂ ಇನ್ನೂ ಜಾಸ್ತಿ.

ಇನ್ನೊಂದು ಮಾತು. ದೊಡ್ಡ ಹಡಗು ಲಗೂನ್ (ಹವಳದ ದಂಡೆಯೊಳಗಿನ ಆಳವಿಲ್ಲದ ನೀರು) ಒಳಗೆ ಬರೋಕಾಗಲ್ಲ, ಅಲ್ವಾ? ದೂರದಲ್ಲಿ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಇಳಿಸುತ್ತಾರೆ, ಅಲೆ ಜೋರಾಗಿದ್ದರೆ ಅದೂ ಇಲ್ಲ. ಇಳಿದರೂ ಕೆಲವೇ ಗಂಟೆ.

ಕೊಚ್ಚಿಯಿಂದ ಲಕ್ಷದ್ವೀಪದ ವಿಮಾನ ನಿಲ್ದಾಣವಿರುವ ಅಗತ್ತಿ ದ್ವೀಪಕ್ಕೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಸರ್ಕಾರಿ ಹಡಗಾದರೆ ಯಾವ ದ್ವೀಪ ಅನ್ನೋದರ ಮೇಲೆ 14ರಿಂದ 18 ಗಂಟೆ. ದ್ವೀಪಕ್ಕೆ ಕಾಲಿಡೋಕೆ ಬೇಕಾದ ಪರ್ಮಿಟ್‌ನ ತಲೆನೋವು, ರೂಮು ಹುಡುಕೋ ತಲೆನೋವು ನಿಮ್ಮದೇ. ಆದರೆ ರಾತ್ರಿ ಅಲ್ಲೇ ಉಳೀತೀರಿ, ಬೆಳಗ್ಗೆ ಹವಳದ ದಂಡೆಯಲ್ಲಿ ಸ್ನಾರ್ಕೆಲ್ (ಉಸಿರಾಟದ ಕೊಳವೆ ಕಚ್ಚಿಕೊಂಡು ತೇಲುತ್ತಾ ನೀರೊಳಗೆ ನೋಡೋದು) ಮಾಡ್ತೀರಿ, ಬಿಸಿ ಬಿಸಿ ಟ್ಯೂನಾ ಊಟ ಸಿಗುತ್ತೆ.

ಮಂಡಿನೋವಿನ ಅಪ್ಪ, ಅಮ್ಮ ಜೊತೆಗಿದ್ದು ಸುಮ್ನೆ ಕೂತು ಸಮುದ್ರ ನೋಡೋದೇ ಸಾಕು ಅನ್ನುವವರಿಗೆ ಕ್ರೂಸ್ ಸರಿ (ದೋಣಿಗೆ ಇಳಿಯೋದು ಅವರಿಗೆ ಕಷ್ಟ, ನೆನಪಿರಲಿ). ನಾನಾದರೆ ಕೊಚ್ಚಿ ಟಿಕೆಟ್ಟೇ ತಗೋತೀನಿ, ಅದೂ ಮಳೆಗಾಲ ಬಿಟ್ಟು.