ಬೆಂಗಳೂರಿನ ಗಾಂಧಿ ಬಜಾರ್ ಹತ್ತಿರದ ಸ್ಕ್ಯಾನ್ ಸೆಂಟರ್: ಓವರಿ ಸಿಸ್ಟ್ ಅಂತ ಹೇಳಿಸಿಕೊಂಡವರಿಗೆ

ಈ ಸೆಂಟರಿಗೆ ನನ್ನ ಮಗಳನ್ನೂ ಕರೆದುಕೊಂಡು ಹೋಗಿದ್ದೇನೆ, ನನ್ನ ಅಕ್ಕನನ್ನೂ ಕರೆದುಕೊಂಡು ಹೋಗಿದ್ದೇನೆ. ಇಬ್ಬರಿಗೂ ಓವರಿಯಲ್ಲಿ, ಅಂದರೆ ಅಂಡಾಶಯದಲ್ಲಿ, ಸಿಸ್ಟ್ ಅನ್ನುವ ಚೀಲದಂಥ ಗಂಟು. ಮಗಳದ್ದು ತಾನಾಗಿಯೇ ಕರಗಿಹೋಯಿತು. ಅಕ್ಕನದ್ದು ಕ್ಯಾನ್ಸರ್ ಆಗಿತ್ತು. ಎರಡನ್ನೂ ನೋಡಿದ್ದು ಸ್ಕ್ಯಾನ್ ಮಾಡುವ ಅದೇ ಡಾಕ್ಟರ್ ಮೇಡಂ, ಅದೇ ಮೆಷಿನ್. ಒಂದರಲ್ಲಿ ಸುಮ್ನೆ ಹೆದರಿಸಲಿಲ್ಲ, ಇನ್ನೊಂದರಲ್ಲಿ ಸುಮ್ನೆ ಸಮಾಧಾನ ಮಾಡಿ ಕಳಿಸಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಜಾಗ ಹುಡುಕುವುದು ಕಷ್ಟವಿಲ್ಲ. ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದರೆ ನಡೆದು ಹೋಗಬಹುದು. ಕಾರು ಮಾತ್ರ ತರಬೇಡಿ, ಸಂಜೆ ಹೊತ್ತು ಗಾಂಧಿ ಬಜಾರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೊದಲ ಮಹಡಿ, ಲಿಫ್ಟ್ ಇದೆ. ಬಾಗಿಲಲ್ಲೇ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡು, ಒಳಗೆ ಹತ್ತು ಹನ್ನೆರಡು ಕುರ್ಚಿ.

ನನ್ನದು ಹನುಮಂತನಗರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಅಳತೆ ಕೊಡುವಾಗ ಹೆಂಗಸರು ಮನೆಯಲ್ಲಿ ಹೇಳದ್ದನ್ನೂ ಹೇಳುತ್ತಾರೆ. ಪಿಸಿಓಡಿ, ಫೈಬ್ರಾಯ್ಡ್, ಸಿಸ್ಟ್, ಗೆಡ್ಡೆ, ಎಲ್ಲ ಒಂದೇ ಮಾತಿನಲ್ಲಿ ಬರುತ್ತದೆ. ಯಾರೋ ಒಬ್ಬರು "ಆಪರೇಷನ್ ಮಾಡಿಸಿ ತೆಗೆಸಿಬಿಡಿ" ಅನ್ನುತ್ತಾರೆ, ಇನ್ನೊಬ್ಬರು "ಕಷಾಯ ಕುಡಿದರೆ ಹೋಗುತ್ತೆ" ಅನ್ನುತ್ತಾರೆ. ಆ ಸಿಸ್ಟಿನ ಒಳಗೆ ಏನಿದೆ, ಹೇಳಿಸಿಕೊಂಡವರ ವಯಸ್ಸೆಷ್ಟು ಅಂತ ಯಾರೂ ಕೇಳುವುದಿಲ್ಲ. ನೋಡಬೇಕಾದ್ದು ಅದನ್ನೇ.

ಮೊದಲು ಮಗಳ ವಿಷಯ. 22 ವರ್ಷ. ಒಂದು ರಾತ್ರಿ ಎಡಗಡೆ ಕಿಬ್ಬೊಟ್ಟೆಯಲ್ಲಿ ನೋವು ಬಂತು. ಬೆಳಿಗ್ಗೆ ಮನೆ ಹತ್ತಿರದ ಒಂದು ಲ್ಯಾಬಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಸಾಲು: ಎಡ ಓವರಿಯಲ್ಲಿ 5.6 ಸೆಂಟಿಮೀಟರ್ ಸಿಸ್ಟ್. ಅದು ನೀರಿನದೋ, ಗಟ್ಟಿಯೋ, ರಕ್ತದ್ದೋ, ಒಂದೂ ಇಲ್ಲ. ಪಕ್ಕದ ಮನೆಯವರು ಅಷ್ಟರಲ್ಲೇ ಮದುವೆ, ಮಕ್ಕಳು ಅಂತ ಮಾತು ಶುರು ಮಾಡಿದ್ದರು. ಮಗಳು ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ನಮ್ಮ ಲೇಡಿ ಡಾಕ್ಟರು ಆ ರಿಪೋರ್ಟ್ ನೋಡಿ, "ಇದರಲ್ಲಿ ನನಗೆ ಏನೂ ತಿಳಿಯಲ್ಲ, ಅಲ್ಲಿ ಹೋಗಿ ಮಾಡಿಸಿಕೊಂಡು ಬನ್ನಿ" ಅಂತ ಇಲ್ಲಿಗೆ ಕಳಿಸಿದರು.

ಇಲ್ಲಿ ಮಗಳಿಗೆ ಹೊಟ್ಟೆ ಮೇಲಿಂದಲೇ ಸ್ಕ್ಯಾನ್ ಮಾಡಿದರು. ಮದುವೆಯಾಗದ ಹುಡುಗಿ ಅಂತ ಕೇಳಿಕೊಂಡು, ಒಳಗಿನಿಂದ, ಅಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನಿನ ಮಾತೇ ಎತ್ತಲಿಲ್ಲ. ಮೇಡಂ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಪ್ಪು ಉರುಟಿನ ಒಳಗೆ ಜೇಡರ ಬಲೆಯಂತೆ ಸಣ್ಣ ಸಣ್ಣ ಎಳೆ ಕಾಣುತ್ತಿತ್ತು. "ಇದು ಹೆಪ್ಪುಗಟ್ಟಿದ ರಕ್ತ ಕಣಮ್ಮಾ. ನೋಡು, ರಕ್ತದ ಹರಿವನ್ನು ಪರದೆ ಮೇಲೆ ಬಣ್ಣದಲ್ಲಿ ತೋರಿಸೋ ಡಾಪ್ಲರ್ ಹಾಕಿದರೂ ಒಳಗೆ ರಕ್ತ ಹರಿಯುವುದು ಕಾಣ್ತಿಲ್ಲ. ಇದು ತಾನೇ ಕರಗುತ್ತೆ" ಅಂದರು.

ಆಮೇಲೆ ಬಿಡಿಸಿ ಹೇಳಿದ್ದು ಇಷ್ಟು. ಪ್ರತಿ ತಿಂಗಳೂ ಓವರಿಯಲ್ಲಿ ಒಂದು ಸಣ್ಣ ನೀರಿನ ಚೀಲ ಬೆಳೆಯುತ್ತದೆ. ಎರಡು, ಎರಡೂವರೆ ಸೆಂಟಿಮೀಟರ್ ಆದಾಗ ಒಡೆದು ಮೊಟ್ಟೆ ಹೊರಗೆ ಬರುತ್ತದೆ. ಕೆಲವು ಸಲ ಒಡೆಯದೆ ಹಾಗೇ ದೊಡ್ಡದಾಗುತ್ತದೆ. ಕೆಲವು ಸಲ ಒಡೆದ ಮೇಲೆ ಅದರೊಳಗೇ ರಕ್ತ ತುಂಬುತ್ತದೆ. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಕಾಣುವ ಸಿಸ್ಟ್‌ಗಳಲ್ಲಿ ಜಾಸ್ತಿ ಇಂಥವೇ. ಬರೀ ನೀರು ತುಂಬಿದ, ಗೋಡೆ ತೆಳ್ಳಗಿರುವ, ಐದು ಸೆಂಟಿಮೀಟರಿನೊಳಗಿನ ಸಿಸ್ಟ್ ಆದರೆ ಈ ವಯಸ್ಸಿನಲ್ಲಿ ಮತ್ತೆ ಸ್ಕ್ಯಾನ್ ಕೂಡ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಇನ್ನು ಪಿಸಿಓಡಿ ಅನ್ನುವುದರಲ್ಲಿ ಕಾಣುವುದು ಕೆಲವೇ ಮಿಲಿಮೀಟರಿನ ಪುಟ್ಟ ಪುಟ್ಟ ಚೀಲಗಳು. ಅವು ಹೆದರುವಂಥ ಸಿಸ್ಟ್ ಅಲ್ಲವೇ ಅಲ್ಲ.

ರಿಪೋರ್ಟಿನ ಕೊನೆಯಲ್ಲಿ "ಓ-ರಾಡ್ಸ್ 2" ಅಂತ ಬರೆದಿದ್ದರು. ಇದು ಓವರಿ ಸ್ಕ್ಯಾನಿಗೆ ಬಹಳ ಕಡೆ ಬಳಸುವ ಒಂದು ಲೆಕ್ಕ. 2 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. 3 ಅಂದರೆ ಹತ್ತರೊಳಗೆ. 4 ಅಂದರೆ ಹತ್ತರಿಂದ ಐವತ್ತರ ನಡುವೆ. 5 ಅಂದರೆ ಐವತ್ತು ಅಥವಾ ಅದಕ್ಕಿಂತ ಜಾಸ್ತಿ. ಈ ಒಂದು ನಂಬರ್ ಇದ್ದರೆ ಡಾಕ್ಟರಿಗೆ ಮುಂದೇನು ಅನ್ನುವುದು ತಕ್ಷಣ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ಸೆಂಟರಿಗೆ ಹೋಗಲು ಇದೊಂದೇ ಕಾರಣ ಸಾಕು.

ಎರಡು ಮೂರು ತಿಂಗಳು ಬಿಟ್ಟು, ಮುಟ್ಟು ಮುಗಿದ ವಾರದಲ್ಲೇ ಬನ್ನಿ ಅಂದಿದ್ದರು. ಹೋದಾಗ ಸಿಸ್ಟ್ ಇರಲಿಲ್ಲ. ಆ ಮಧ್ಯೆ ಒಂದು ಎಚ್ಚರಿಕೆ ಕೊಟ್ಟಿದ್ದರು, ಅದನ್ನು ಎಲ್ಲ ತಾಯಂದಿರೂ ನೆನಪಿಟ್ಟುಕೊಳ್ಳಬೇಕು. ಸಿಸ್ಟ್ ಇರುವ ಹುಡುಗಿಗೆ ಇದ್ದಕ್ಕಿದ್ದ ಹಾಗೆ ಒಂದು ಕಡೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಬೆಳಗಾಗುವ ತನಕ ಕಾಯಬಾರದು. ಓವರಿ ತಿರುಚಿಕೊಂಡು ರಕ್ತ ಹೋಗುವುದು ನಿಂತಿರಬಹುದು. ನೋವಿನ ಮಾತ್ರೆ ಕೊಟ್ಟು ಮಲಗಿಸದೆ ನೇರ ಎಮರ್ಜೆನ್ಸಿಗೆ ಹೋಗಬೇಕು.

ಈಗ ಅಕ್ಕನ ವಿಷಯ. ಅಕ್ಕ ಇರುವುದು ತುಮಕೂರಿನಲ್ಲಿ. 61 ವರ್ಷ, ಮುಟ್ಟು ನಿಂತು ಎಷ್ಟೋ ಕಾಲವಾಯಿತು. ಗೌರಿ ಹಬ್ಬಕ್ಕೆ ಬ್ಲೌಸ್ ಹೊಲಿದುಕೊಡೋಣ ಅಂತ ಟೇಪ್ ಹಿಡಿದೆ. ತೋಳಿನ ಸುತ್ತಳತೆ ನನ್ನ ಪುಸ್ತಕದಲ್ಲಿರುವ ಹಳೇ ಅಳತೆಗಿಂತ ಒಂದು ಇಂಚು ಕಡಿಮೆ. ಹೊಟ್ಟೆ ಸುತ್ತಳತೆ ಮೂರು ಇಂಚು ಜಾಸ್ತಿ. ಇಷ್ಟು ವರ್ಷದಿಂದ ಅಳತೆ ತೆಗೆಯುತ್ತಿದ್ದೇನೆ, ದಪ್ಪ ಆಗುವವರಿಗೆ ತೋಳೂ ಬಿಗಿಯಾಗುತ್ತದೆ. ತೋಳು ಸಡಿಲವಾಗಿ ಹೊಟ್ಟೆ ಮಾತ್ರ ಬೆಳೆಯುವುದು ನನಗೆ ಸರಿ ಕಾಣಲಿಲ್ಲ. ಲಂಗದ ಲಾಡಿ ಕಟ್ಟಿದ ಗುರುತು ಚರ್ಮದ ಮೇಲೆ ಕೆಂಪಗೆ ಮೂಡಿತ್ತು.

"ಅಕ್ಕಾ, ಊಟ ಸೇರ್ತಿದೆಯಾ?" ಅಂತ ಕೇಳಿದೆ.

"ಎರಡು ಇಡ್ಲಿ ತಿಂದರೆ ಹೊಟ್ಟೆ ಉಬ್ಬರಿಸಿಬಿಡುತ್ತೆ ಕಣೇ. ಗ್ಯಾಸು. ರಾತ್ರಿ ನಾಲ್ಕು ಸಲ ಎದ್ದು ಬಾತ್‌ರೂಮಿಗೆ ಹೋಗ್ತೀನಿ" ಅಂದಳು. ತಿಂಗಳುಗಟ್ಟಲೆ ಗ್ಯಾಸಿನ ಮಾತ್ರೆ ನುಂಗುತ್ತಿದ್ದಳಂತೆ. ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನಿಸುವುದು. ಓವರಿ ಕ್ಯಾನ್ಸರಿನ ಲಕ್ಷಣಗಳೂ ಇವೇ. ಗ್ಯಾಸಿನಲ್ಲೂ ಹೀಗೇ ಆಗುತ್ತದೆ, ನಿಜ. ಆದರೆ ಐವತ್ತು ದಾಟಿದವರಿಗೆ ಇದು ಹೊಸದಾಗಿ ಶುರುವಾಗಿ, ವಾರಗಟ್ಟಲೆ ಬಿಡದಿದ್ದರೆ ಒಂದು ಸ್ಕ್ಯಾನ್ ಆಗಲೇಬೇಕು.

ಅಕ್ಕ ಅಲ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ತೋರಿಸಿದಳು. "ದೊಡ್ಡ ನೀರಿನ ಸಿಸ್ಟ್ ಇದೆ, ಸೂಜಿ ಹಾಕಿ ನೀರು ತೆಗೆದುಬಿಡೋಣ, ಸಂಜೆಗೆ ಮನೆಗೆ ಹೋಗಬಹುದು" ಅಂದರಂತೆ. ಅಕ್ಕ ಒಪ್ಪಿಯೂ ಇದ್ದಳು. ನಾನು ಬೇಡ ಅಂತ ಹಟ ಹಿಡಿದು ಬೆಂಗಳೂರಿಗೆ ಕರೆಸಿದೆ. ತುಮಕೂರಿನಿಂದ ರೈಲಿನಲ್ಲಿ ಯಶವಂತಪುರ, ಅಲ್ಲಿಂದ ಹಸಿರು ಮೆಟ್ರೋ, ನೇರ ನ್ಯಾಷನಲ್ ಕಾಲೇಜ್.

ಇಲ್ಲಿ ಮೇಡಂ ಅಕ್ಕನಿಗೆ ಎರಡೂ ಥರ ಸ್ಕ್ಯಾನ್ ಮಾಡಿದರು. ಮೊದಲು ಹೊಟ್ಟೆ ಮೇಲಿಂದ, ಆಮೇಲೆ ಮೂತ್ರ ಮಾಡಿ ಬರಲು ಹೇಳಿ ಒಳಗಿನಿಂದ. ಅಕ್ಕನಿಗೆ ಬಹಳ ಮುಜುಗರವಾಗಿತ್ತು. ಬಾಗಿಲು ಚಿಲಕ ಹಾಕಿ, ಆಯಮ್ಮನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಹೊಸ ಕಾಂಡೋಮ್ ಹೊದಿಸಿದ ಕಡ್ಡಿಯನ್ನು ತೋರಿಸಿ, "ಅಮ್ಮಾ, ನೋವಾದರೆ ಹೇಳಿ, ತಕ್ಷಣ ನಿಲ್ಲಿಸ್ತೀನಿ" ಅಂದರು. ನನ್ನನ್ನೂ ಒಳಗೆ ಬಿಟ್ಟರು. ಎಷ್ಟೋ ಕಡೆ ಬಿಡುವುದಿಲ್ಲ.

ಈ ಸಲ ಮೇಡಂ ಜಾಸ್ತಿ ಮಾತಾಡಲಿಲ್ಲ. ಬಹಳ ಹೊತ್ತು ನೋಡಿದರು. ರಿಪೋರ್ಟಿನಲ್ಲಿ ಬರೆದದ್ದು ಇದು: ಬಲ ಓವರಿಯಲ್ಲಿ 14 ಸೆಂಟಿಮೀಟರ್ ಸಿಸ್ಟ್, ಒಳಗೆ ಹಲವು ಕೋಣೆ, ಒಂದು ಕಡೆ ಗಟ್ಟಿ ಭಾಗ, ಆ ಗಟ್ಟಿ ಭಾಗದಲ್ಲಿ ಸ್ವಲ್ಪ ರಕ್ತದ ಹರಿವು, ಹೊಟ್ಟೆಯಲ್ಲಿ ನೀರು ಇಲ್ಲ, ಎಡ ಓವರಿ ಸರಿಯಾಗಿದೆ. ಓ-ರಾಡ್ಸ್ 4. ಒಂದೊಂದು ಮಾತಿಗೂ ಅರ್ಥ ಇದೆ. ಗಟ್ಟಿ ಭಾಗ, ಅದರೊಳಗೆ ರಕ್ತದ ಹರಿವು, ಒಳಗೋಡೆಯಿಂದ ಚಾಚಿದ ಕುಡಿಗಳು, ಹೊಟ್ಟೆಯಲ್ಲಿ ನೀರು ಸೇರುವುದು, ಇವೇ ಅನುಮಾನಕ್ಕೆ ದಾರಿ. ಮುಟ್ಟು ನಿಂತವರಲ್ಲಿ ಇವು ಕಂಡರೆ ಅನುಮಾನ ಇನ್ನೂ ಗಟ್ಟಿ.

ಸೂಜಿ ಹಾಕುವ ಮಾತು ನಾನು ಹೇಳಿದ ತಕ್ಷಣ ಮೇಡಂ ಎದ್ದು ನಿಂತರು. ನಮ್ಮ ಎದುರೇ ಲೇಡಿ ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ನಮಗೂ ತಿಳಿಸಿ ಹೇಳಿದರು. ಇಂಥ ಸಿಸ್ಟಿಗೆ ಸೂಜಿ ಚುಚ್ಚಬಾರದು. ಒಳಗೆ ಕ್ಯಾನ್ಸರ್ ಇದ್ದರೆ ಆ ನೀರು ಸೋರಿ ಹೊಟ್ಟೆಯೊಳಗೆ ಹರಡಬಹುದು. ಓವರಿಯೊಳಗೇ ಇದ್ದ ರೋಗ ಹೊರಗೆ ಬಂದ ಹಾಗಾಗುತ್ತದೆ. ಸಿಸ್ಟ್ ಒಡೆಯದೆ ಇಡಿಯಾಗಿ ಹೊರಗೆ ತೆಗೆಯಬೇಕು. ಈ ಒಂದು ಫೋನಿಗೆ ನಾನು ಜೀವನಪೂರ್ತಿ ಋಣಿ.

ಸಿಎ-125 ರಕ್ತಪರೀಕ್ಷೆ ಮಾಡಿಸಿದೆವು. ಓವರಿ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನನ್ನು ಅಳೆಯುವ ಟೆಸ್ಟ್ ಇದು. 68 ಬಂತು. 35ರೊಳಗೆ ಇರಬೇಕು. ಲೇಡಿ ಡಾಕ್ಟರು ಒಂದು ಚೀಟಿ ಮೇಲೆ ಲೆಕ್ಕ ಹಾಕಿ ತೋರಿಸಿದರು. ಸ್ಕ್ಯಾನಿನಲ್ಲಿ ಅನುಮಾನದ ಗುರುತು ಎರಡು ಅಥವಾ ಜಾಸ್ತಿ ಇದ್ದರೆ 3. ಮುಟ್ಟು ನಿಂತವರಿಗೆ 3. ಅದಕ್ಕೆ ಸಿಎ-125 ಗುಣಿಸಬೇಕು. ಮೂರು ಮೂರಲಿ ಒಂಬತ್ತು, ಒಂಬತ್ತು ಗುಣಿಸು 68, ಒಟ್ಟು 612. 1990ರಿಂದ ಡಾಕ್ಟರುಗಳು ಈ ಲೆಕ್ಕ ಬಳಸುತ್ತಿದ್ದಾರಂತೆ. 200 ದಾಟಿದರೆ ಕ್ಯಾನ್ಸರ್ ಸರ್ಜನ್ ಹತ್ತಿರವೇ ಹೋಗಬೇಕು, ಮಾಮೂಲಿ ಆಪರೇಷನ್ ಥಿಯೇಟರಿನಲ್ಲಿ ಕೈ ಹಾಕಬಾರದು ಅಂದರು. ನಮ್ಮ ಊರಲ್ಲಿ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೇರೆ ಆಸ್ಪತ್ರೆಗಳಲ್ಲೂ ಹೆಂಗಸರ ಕ್ಯಾನ್ಸರಿಗೆ ಅಂತಲೇ ಸರ್ಜನ್‌ಗಳಿದ್ದಾರೆ. ಅಕ್ಕನಿಗೆ ಹೊಟ್ಟೆ ತೆರೆದು ಆಪರೇಷನ್ ಆಯಿತು. ಸಿಸ್ಟ್ ಒಡೆಯದೆ ಇಡಿಯಾಗಿ ಬಂತು. ಮೊದಲ ಹಂತ, ಒಂದೇ ಓವರಿಯಲ್ಲಿ. ಕಿಮೋ ಬೇಡ ಅಂದರು, ಈಗ ಚೆಕಪ್ಪಿಗೆ ಹೋಗಿ ಬರುತ್ತಾಳೆ.

ಸಿಎ-125 ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಈಗ ಲ್ಯಾಬುಗಳು ಫೋನ್ ಮಾಡಿ ಲೇಡೀಸ್ ಪ್ಯಾಕೇಜ್ ಅಂತ ಮಾರುತ್ತವೆ, ಅದರಲ್ಲಿ ಈ ಟೆಸ್ಟೂ ಇರುತ್ತದೆ. ನನ್ನ ಒಬ್ಬ ಗಿರಾಕಿಗೆ 38 ವರ್ಷ. ಪ್ಯಾಕೇಜಿನಲ್ಲಿ ಸಿಎ-125 ಜಾಸ್ತಿ ಬಂದು, ಮಗನ ಮುಖ ನೋಡಿಕೊಂಡು ಅಳುತ್ತಾ ಅಂಗಡಿಗೆ ಬಂದಿದ್ದರು. ಕೊನೆಗೆ ಇದ್ದದ್ದು ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು), ಅದರಿಂದಾದ ಚಾಕೊಲೇಟ್ ಸಿಸ್ಟ್, ಅಂದರೆ ಹಳೇ ರಕ್ತ ತುಂಬಿದ ಸಿಸ್ಟ್. ಮುಟ್ಟಿನ ದಿನಗಳಲ್ಲಿ, ಫೈಬ್ರಾಯ್ಡ್ ಅನ್ನುವ ಗರ್ಭಕೋಶದ ಗೆಡ್ಡೆ ಇದ್ದರೆ, ಹೊಟ್ಟೆಯ ಟಿಬಿ ಇದ್ದರೆ, ಬಸುರಿಯಾಗಿದ್ದರೆ ಕೂಡ ಇದು ಏರುತ್ತದೆ. ಇನ್ನೊಂದು ಕಡೆ, ಮೊದಲ ಹಂತದ ಓವರಿ ಕ್ಯಾನ್ಸರ್ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಏರುವುದೇ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ವರ್ಷಗಟ್ಟಲೆ ನೋಡಿದರು. 2021ರಲ್ಲಿ ಬಂದ ಫಲಿತಾಂಶ ಏನೆಂದರೆ, ಲಕ್ಷಣ ಇಲ್ಲದವರಿಗೆ ಈ ಟೆಸ್ಟನ್ನೋ ಸ್ಕ್ಯಾನನ್ನೋ ಪ್ರತಿ ವರ್ಷ ಮಾಡಿಸಿದರೂ ಓವರಿ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ಪ್ಯಾಕೇಜಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಪ್ಯಾಪ್ ಟೆಸ್ಟ್ ಮಾಡಿಸಿದ್ದೇನೆ, ಎಲ್ಲ ಸರಿಯಿದೆ ಅಂತಲೂ ಅಂದುಕೊಳ್ಳಬೇಡಿ, ಅದು ನೋಡುವುದು ಗರ್ಭಕೋಶದ ಬಾಯಿಯನ್ನು, ಓವರಿಯನ್ನಲ್ಲ. ಅಮ್ಮನಿಗೋ ಅಕ್ಕತಂಗಿಗೋ ಓವರಿ ಅಥವಾ ಸ್ತನದ ಕ್ಯಾನ್ಸರ್ ಬಂದಿದ್ದರೆ ಮಾತ್ರ ಲೆಕ್ಕ ಬೇರೆ. ಅಂಥವರು, ಈ ಕ್ಯಾನ್ಸರುಗಳು ಮನೆತನದಲ್ಲಿ ಬರುವ ದೋಷವಿದೆಯಾ ಅಂತ ನೋಡುವ ಬಿಆರ್‌ಸಿಎ ಜೀನ್ ಟೆಸ್ಟ್ ಬೇಕಾ ಅಂತ ಡಾಕ್ಟರನ್ನು ಕೇಳಬೇಕು. ನಾನೂ ಕೇಳಿದ್ದೇನೆ.

ಸೆಂಟರಿನಲ್ಲಿ ಸರಿಮಾಡಬೇಕಾದ್ದೂ ಇದೆ. ಹೊಟ್ಟೆ ಸ್ಕ್ಯಾನಿಗೆ ಒಂದು ಲೀಟರ್ ನೀರು ಕುಡಿಸಿ ಕೂರಿಸುತ್ತಾರೆ, ಇರುವುದು ಒಂದೇ ಟಾಯ್ಲೆಟ್. ಬಸುರಿಯರೂ ವಯಸ್ಸಾದವರೂ ಅಲ್ಲೇ ಸಾಲು ನಿಲ್ಲಬೇಕು. ಸಮಯ ಹತ್ತು ಗಂಟೆ ಅಂತ ಕೊಟ್ಟು ಹನ್ನೊಂದೂವರೆಗೆ ಕರೆದರು. ಅಷ್ಟು ಹೊತ್ತು ತಡೆದುಕೊಂಡು ಕೂರುವುದು ಅಕ್ಕನಂಥವರಿಗೆ ಶಿಕ್ಷೆ. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿದೆ. ಮೇಡಂ ಬಾಯಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳುತ್ತಾರೆ, ಕೊನೆಯ ನಾಲ್ಕು ಸಾಲನ್ನಾದರೂ ಕನ್ನಡದಲ್ಲಿ ಬರೆದುಕೊಟ್ಟರೆ ಮನೆಯಲ್ಲಿ ಎಲ್ಲರೂ ಓದಿಕೊಳ್ಳಬಹುದು. ಕೌಂಟರಿನ ಹುಡುಗ "ಯಾವ ಸ್ಕ್ಯಾನ್, ಯಾಕೆ" ಅಂತ ಎಲ್ಲರ ಎದುರು ಗಟ್ಟಿಯಾಗಿ ಕೇಳುವುದನ್ನು ಬಿಡಬೇಕು.

ಎರಡೂ ಥರದ ಸ್ಕ್ಯಾನ್ ಸೇರಿ ಅಕ್ಕನಿಗೆ 2,200 ರೂಪಾಯಿ ತೆಗೆದುಕೊಂಡರು. ಮಗಳಿಗೆ 1,300. ಬೀದಿ ಬೀದಿಯಲ್ಲಿರುವ ಲ್ಯಾಬಿಗಿಂತ ಸ್ವಲ್ಪ ಜಾಸ್ತಿ, ಆದರೆ ಎರಡೆರಡು ಸಲ ಮಾಡಿಸುವ ಖರ್ಚು ಉಳಿಯುತ್ತದೆ. ಭಾನುವಾರ ರಜೆ. ಮೇಡಂ ಬೆಳಗ್ಗೆ ಮಾತ್ರ ಇರುತ್ತಾರೆ, ಫೋನ್ ಮಾಡಿ ಅವರೇ ಇದ್ದಾರಾ ಅಂತ ಕೇಳಿಕೊಂಡು ಹೋಗಿ. ಹಳೇ ಸ್ಕ್ಯಾನ್ ರಿಪೋರ್ಟ್ ಫಿಲ್ಮ್ ಸಮೇತ ತೆಗೆದುಕೊಂಡು ಹೋಗಿ, ಸಿಸ್ಟ್ ಬೆಳೆದಿದೆಯಾ ಹಾಗೇ ಇದೆಯಾ ಅಂತ ಅವರು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಕೊನೆಯ ಮುಟ್ಟಿನ ತಾರೀಕು ಬರೆದಿಟ್ಟುಕೊಂಡಿರಿ, ಮೊದಲ ಪ್ರಶ್ನೆಯೇ ಅದು.